ಕಾರೈಗೆ ಇನ್ನೊಂದು ಸಲ, ಈ ಸಲ ಡಬ್ಬಿ ಬೇಡ



ಇವತ್ತಿನ ಎಪಿಸೋಡ್ ಒಂದು ಟ್ರಿಪ್ ಪ್ಲಾನ್. ಬೆಂಗಳೂರಿಂದ ಹೋಗಿ ಬರೋದಕ್ಕೆ ಎರಡು ದಿನ ಸಾಕು, ಅಮ್ಮನ ಮಾತು ಕೇಳಿದ್ರೆ ಮೂರು ದಿನ. ಜಾಗದ ಹೆಸರು ಕಾರೈ. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಹಳೇ ಕೇಳುಗರಿಗೆ ಈ ಹೆಸರು ನೆನಪಿರುತ್ತೆ. ಹೋದ ವರ್ಷ ಫೆಬ್ರವರಿಯಲ್ಲಿ ನಾನು ಅಲ್ಲಿಗೆ ಹೋಗಿ ಬಂದು ಒಂದು ಎಪಿಸೋಡ್ ಮಾಡಿದ್ದೆ. ಅದನ್ನ ಈಗ ಹುಡುಕಿದ್ರೆ ಸಿಗಲ್ಲ, ನಾನೇ ತೆಗೆದುಬಿಟ್ಟೆ. ಯಾಕೆ ತೆಗೆದೆ ಅಂತ ಮೇಲ್ ಮಾಡಿ ಕೇಳಿದವರಿಗೆ "ಆಡಿಯೋ ಸರಿ ಇರಲಿಲ್ಲ" ಅಂತ ಉತ್ತರ ಕೊಟ್ಟಿದ್ದೆ. ಅದು ಸುಳ್ಳು. ಆಡಿಯೋ ಚೆನ್ನಾಗೇ ಇತ್ತು.

ಮೊದಲು ಜಾಗ ಎಂಥದ್ದು ಅಂತ ಹೇಳ್ತೀನಿ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ.

ತಿರುಚ್ಚಿ–ಚೆನ್ನೈ ಹೆದ್ದಾರಿ ಬಿಟ್ಟು ಪೂರ್ವಕ್ಕೆ ಸ್ವಲ್ಪ ಒಳಗೆ ಹೋದ್ರೆ ಹತ್ತಿ, ಮೆಕ್ಕೆಜೋಳದ ಹೊಲಗಳು ಬರ್ತವೆ. ಆಮೇಲೆ ಇದ್ದಕ್ಕಿದ್ದ ಹಾಗೆ ಹೊಲ ಮುಗಿದು ನೆಲ ಹರಿದು ಹೋದ ಹಾಗೆ ಕಾಣುತ್ತೆ. ಬೂದು, ಹಳದಿ, ಅಲ್ಲಲ್ಲಿ ತುಕ್ಕಿನ ಬಣ್ಣದ ಜೇಡಿಮಣ್ಣಿನ ದಿಬ್ಬಗಳು. ಒಂದೊಂದು ದಿಬ್ಬದ ಮೈಮೇಲೂ ಬೆರಳಲ್ಲಿ ಗೀರಿದ ಹಾಗೆ ನೂರಾರು ಕೊರಕಲು. ಮರ ಇಲ್ಲ, ಹುಲ್ಲು ಇಲ್ಲ ಅನ್ನುವಷ್ಟು ಕಡಿಮೆ, ಅಂಚಲ್ಲಿ ಒಂದಿಷ್ಟು ಬಳ್ಳಾರಿ ಜಾಲಿ. ಬಿಸಿಲಲ್ಲಿ ನೆಲ ಮಿಣಮಿಣ ಅನ್ನುತ್ತೆ. ಗಾಜಿನ ಚೂರು ಬಿದ್ದಿದೆ ಅಂದ್ಕೊಂಡಿದ್ದೆ. ಅದು ಜಿಪ್ಸಮ್, ಮಣ್ಣಿನ ಬಿರುಕುಗಳಲ್ಲಿ ಹಾಳೆ ಹಾಳೆಯಾಗಿ ಬೆಳೆದಿರೋ ಖನಿಜ.

ಇಂಥ ನೆಲಕ್ಕೆ ಇಂಗ್ಲಿಷಲ್ಲಿ ಬ್ಯಾಡ್‌ಲ್ಯಾಂಡ್ಸ್ ಅಂತಾರೆ. ಮೆದು ಜೇಡಿ, ಹಿಡಿದಿಡೋಕೆ ಬೇರಿಲ್ಲ, ವರ್ಷದಲ್ಲಿ ಕೆಲವೇ ದಿನ ಸುರಿಯೋ ಜೋರು ಮಳೆ. ಇವು ಮೂರೂ ಸೇರಿದ್ರೆ ನೀರು ನೆಲವನ್ನ ಕೊರೀತಾ ಹೋಗುತ್ತೆ. ರೈತನ ಲೆಕ್ಕದಲ್ಲಿ ಕೆಟ್ಟ ನೆಲ. ಆದ್ರೆ ಕೊರೆದ ಹಾಗೆಲ್ಲ ಒಳಗಿರೋದು ಹೊರಗೆ ಬರುತ್ತೆ, ಮತ್ತು ಇಲ್ಲಿ ಒಳಗಿರೋದು ಸಮುದ್ರದ ತಳ. ಸುಮಾರು 10 ಕೋಟಿ ವರ್ಷದ ಹಿಂದೆ, ಭಾರತ ದಕ್ಷಿಣದ ಖಂಡಗಳಿಂದ ಕಳಚಿಕೊಂಡು ಬೇರೆಯಾಗ್ತಿದ್ದ ಕಾಲದಲ್ಲಿ, ಸಮುದ್ರ ಇಲ್ಲಿವರೆಗೂ ಒಳಗೆ ಬಂದಿತ್ತು. ಈಗ ಇಲ್ಲಿಂದ ಕಡಲಿಗೆ ನೂರು ಕಿಲೋಮೀಟರ್ ಆಸುಪಾಸು ಇದೆ. ಆ ಸಮುದ್ರದ ಕೆಸರೇ ಇವತ್ತಿನ ಈ ಜೇಡಿ.

ಕಾಲಿಟ್ಟ ಕಡೆ ಏನು ಸಿಗುತ್ತೆ ಅಂದ್ರೆ, ಮೊದಲಿಗೆ ಬೆಲೆಮ್ನೈಟ್. ನೋಡೋಕೆ ಬಂದೂಕಿನ ಗುಂಡಿನ ಹಾಗೆ, ಕಂದು ಬಣ್ಣ, ಒಂದು ತುದಿ ಚೂಪು. ಮಂಗಳೂರು ಕಡೆಯವರಿಗೆ ಬೊಂಡಾಸ್ ಗೊತ್ತಲ್ಲ, ಅದರ ದೂರದ ಸಂಬಂಧಿ ಇದು. ಪ್ರಾಣಿಯ ಮೆತ್ತನೆ ಮೈ ಕೊಳೆತು ಹೋಗಿ ಒಳಗಿನ ಗಟ್ಟಿ ಕಡ್ಡಿ ಮಾತ್ರ ಉಳಿದಿದೆ. ಎರಡನೇದು ಅಮ್ಮೊನೈಟ್, ಸುರುಳಿ ಸುತ್ತಿದ ಚಿಪ್ಪು. ಅಜ್ಜಿ ದೇವರ ಮನೆಯಲ್ಲಿ ಸಾಲಿಗ್ರಾಮ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೇಪಾಳದ ಗಂಡಕಿ ನದಿಯಿಂದ ಬರೋ ಆ ಕಲ್ಲಿನ ಒಳಗಿನ ಚಕ್ರವೂ ಅಮ್ಮೊನೈಟೇ, ಕಾರೈಯದ್ದಕ್ಕಿಂತ ಇನ್ನೂ ಹಳೇದು. ಇವಲ್ಲದೆ ಶಾರ್ಕಿನ ಹಲ್ಲುಗಳು ಸಿಕ್ಕಿವೆ. ಇಕ್ತಿಯೋಸಾರ್ ಅನ್ನೋ ಸಮುದ್ರ ಸರೀಸೃಪದ ಹಲ್ಲುಗಳೂ ಈ ಪದರಗಳಲ್ಲಿ ಸಿಕ್ಕಿವೆ.

ಡೈನೋಸಾರ್ ಮೊಟ್ಟೆ ಇದೆಯಂತಲ್ಲ ಅಂತ ಕೇಳೋರಿಗೆ ಒಂದು ಮಾತು. 2020ರ ಅಕ್ಟೋಬರಲ್ಲಿ ಪೆರಂಬಲೂರು ಹತ್ತಿರ ಕೆರೆ ಹೂಳು ತೆಗೆಯುವಾಗ ದೊಡ್ಡ ದೊಡ್ಡ ಗುಂಡು ಕಲ್ಲುಗಳು ಸಿಕ್ಕಿ, ಡೈನೋಸಾರ್ ಮೊಟ್ಟೆ ಅಂತ ವಾಟ್ಸಾಪಲ್ಲಿ ಓಡಾಡಿತ್ತು. ತಜ್ಞರು ಬಂದು ನೋಡಿ, ಮೊಟ್ಟೆ ಅಲ್ಲ, ಅಮ್ಮೊನೈಟ್ ಸುತ್ತ ಮಣ್ಣು ಗಟ್ಟಿಯಾಗಿ ಆದ ಉಂಡೆಗಳು ಅಂದ್ರು. ಎರಡನೇ ಸುದ್ದಿ ಮೊದಲನೇದರಷ್ಟು ಓಡಲಿಲ್ಲ. ಯಾವಾಗ ಓಡಿದೆ ಹೇಳಿ.

ಇನ್ನೊಂದು ಪ್ರಶ್ನೆ ಪ್ರತಿ ಸಲ ಬರುತ್ತೆ: ಇದಕ್ಕೆ ತಮಿಳುನಾಡಿಗೆ ಯಾಕೆ ಹೋಗಬೇಕು, ನಮ್ಮಲ್ಲಿ ಇಲ್ವಾ? ನಮ್ಮಲ್ಲಿ ಇರೋದು ಬೇರೆ ಸಂಪತ್ತು. ಲಾಲ್‌ಬಾಗಿನ ಬಂಡೆ ಮೇಲೆ ಕೂತು ಚುರುಮುರಿ ತಿಂದಿದ್ದೀವಲ್ಲ, ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಚಿಪ್ಪಿರೋ ಪ್ರಾಣಿ ಅನ್ನೋದೇ ಭೂಮಿ ಮೇಲೆ ಇರಲಿಲ್ಲ. ಅದರಲ್ಲಿ ಪಳೆಯುಳಿಕೆ ಹುಡುಕೋದು ನಾನು ಹುಟ್ಟೋಕೆ ಮುಂಚಿನ ಬ್ಯಾಂಕ್ ಪಾಸ್‌ಬುಕ್ಕಲ್ಲಿ ನನ್ನ ಸಂಬಳ ಹುಡುಕಿದ ಹಾಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದ್ರೆ ಜಿಎಸ್‌ಐ, ಗುರುತಿಸಿರೋ ಭೂಪರಂಪರೆ ತಾಣಗಳ ಪಟ್ಟಿಯಲ್ಲಿ ಲಾಲ್‌ಬಾಗ್ ಬಂಡೆ ಇದೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪ ಇದೆ, ಚಿತ್ರದುರ್ಗದ ಮರಡಿಹಳ್ಳಿ ಇದೆ. ಅದೇ ಪಟ್ಟಿಯಲ್ಲಿ ಕಾರೈಯೂ ಇದೆ.

ಪಟ್ಟಿಯಲ್ಲಿದೆ ಅಂದ ತಕ್ಷಣ ಬೇಲಿ, ಗೇಟು, ಟಿಕೆಟ್ ಕೌಂಟರ್ ಎಲ್ಲ ಇರುತ್ತೆ ಅಂದ್ಕೋಬೇಡಿ. ನಾನು ಹೋದಾಗ ಅಲ್ಲಿ ಇದ್ದದ್ದು ಒಂದು ಮೇಕೆ ಹಿಂಡು, ಅದನ್ನ ಕಾಯ್ತಿದ್ದ ಒಬ್ಬ ಅಜ್ಜ, ಮತ್ತೆ ನಾನು, ನನ್ನ ಗೆಳತಿ. ನಾವೆಲ್ಲಿ ಹೋದ್ವಿ, ಏನು ಎತ್ತಿಕೊಂಡ್ವಿ ಅಂತ ಕೇಳೋರು ಯಾರೂ ಇರಲಿಲ್ಲ.

ಕಥೆ ಶುರುವಾಗೋದೇ ಅಲ್ಲಿ. ನಾನು ಎತ್ತಿಕೊಂಡೆ. ಎರಡು ಬೆಲೆಮ್ನೈಟ್, ಒಂದು ಅಮ್ಮೊನೈಟಿನ ಅರ್ಧ. ಅದನ್ನ ಬಚ್ಚಿಡಲೂ ಇಲ್ಲ. ಎಪಿಸೋಡಲ್ಲಿ ನಗ್ತಾ ಹೇಳಿದೀನಿ, "ನಾನಂತೂ ಮೂರು ಜೇಬಿಗೆ ಹಾಕ್ಕೊಂಡೆ, ನೀವೂ ಹೋಗಿ, ಬೇಕಾದಷ್ಟಿದೆ" ಅಂತ. ಇಷ್ಟು ಸಾಲದು ಅಂತ ಯಾವ ತಿರುವಲ್ಲಿ ಗಾಡಿ ನಿಲ್ಲಿಸಿ ಯಾವ ಕೊರಕಲಲ್ಲಿ ಇಳೀಬೇಕು ಅಂತ ಮ್ಯಾಪ್ ಲಿಂಕನ್ನೂ ಕೆಳಗೆ ಹಾಕಿದ್ದೆ.

ನಾಲ್ಕು ತಿಂಗಳಾದ ಮೇಲೆ ಒಬ್ಬ ಕೇಳುಗರಿಂದ ಫೋಟೋ ಬಂತು. ಅಡುಗೆಮನೆ ಕಟ್ಟೆ ಮೇಲೆ ಒಂದು ಸ್ಟೀಲ್ ಡಬ್ಬಿ, ಚಕ್ಕುಲಿ ತುಂಬಿಡ್ತೀವಲ್ಲ ಆ ಸೈಜಿನದು. ಅದರ ತುಂಬ ಬೆಲೆಮ್ನೈಟ್. ಮೇಲೆ ನಾಲ್ಕೈದು ಚೆಂದದ ಅಮ್ಮೊನೈಟ್. "ನಿಮ್ಮ ಎಪಿಸೋಡ್ ಕೇಳಿ ಮೂರು ಫ್ಯಾಮಿಲಿ ಸೇರಿ ಹೋಗಿದ್ವಿ. ತುಂಬಾ ಥ್ಯಾಂಕ್ಸ್. ಮಗನ ಬರ್ತ್‌ಡೇಗೆ ರಿಟರ್ನ್ ಗಿಫ್ಟ್ ಇದನ್ನೇ ಕೊಟ್ವಿ, ಮಕ್ಕಳಿಗೆಲ್ಲ ಖುಷಿಯೋ ಖುಷಿ" ಅಂತ ಬರೆದಿದ್ರು.

ನಿಜ ಹೇಳ್ತೀನಿ, ಮೊದಲು ನನಗೂ ಖುಷಿಯೇ ಆಯ್ತು. ನಮ್ಮ ಎಪಿಸೋಡ್ ಕೇಳಿ ಜನ ಮುನ್ನೂರು ಕಿಲೋಮೀಟರ್ ಹೋಗಿ ಬಂದಿದ್ದಾರಲ್ಲ ಅಂತ. ಸ್ಟೋರಿಗೂ ಹಾಕಿದೆ. ಅದನ್ನ ನೋಡಿ ಇನ್ನೊಬ್ಬ ಕೇಳುಗರು ಫೋನ್ ಮಾಡಿದ್ರು. ಇವರು ಕಾಲೇಜಲ್ಲಿ ಭೂವಿಜ್ಞಾನ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು. ಬೈಯಲಿಲ್ಲ. "ನಿಮ್ಮ ಹತ್ರ ಇರೋ ಕಲ್ಲುಗಳನ್ನ ನೋಡಬಹುದಾ?" ಅಂತ ಕೇಳಿದ್ರು. ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಕಾಫಿ ಬಂತು. ನಾನು ಮೂರೂ ಕಲ್ಲು ಟೀಪಾಯಿ ಮೇಲಿಟ್ಟೆ.

ಅಮ್ಮೊನೈಟ್ ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ರ ತಂದು ನೋಡಿದ್ರು. "ಚೆನ್ನಾಗಿದೆ. ಎಲ್ಲಿ ಸಿಕ್ತು?"

"ಕಾರೈಲಿ ಸರ್."

"ಕಾರೈಲಿ ಎಲ್ಲಿ?"

"ಒಂದು ಕೊರಕಲಲ್ಲಿ."

"ಕೊರಕಲಿನ ತಳದಲ್ಲಾ, ಗೋಡೇಲಾ? ಗೋಡೇಲಾದ್ರೆ ಎಷ್ಟು ಎತ್ತರದಲ್ಲಿ? ಮೇಲೆ ಯಾವ ಬಣ್ಣದ ಪದರ ಇತ್ತು, ಕೆಳಗೆ ಯಾವುದಿತ್ತು?"

ನಾನು ಸುಮ್ಮನೆ ಕೂತೆ. ಮೇಷ್ಟ್ರು ಕಲ್ಲನ್ನ ಮತ್ತೆ ಟೀಪಾಯಿ ಮೇಲಿಟ್ಟು, "ಹಾಗಾದ್ರೆ ಇದು ಇನ್ಮೇಲೆ ಪೇಪರ್‌ವೇಟ್ ಕಣಮ್ಮ" ಅಂದ್ರು.

ನಾನು ಬಿಕಾಂ ಓದಿದವಳು. ಆರ್ಟಿಕಲ್‌ಶಿಪ್ ಅಂತ ಎರಡು ವರ್ಷ ಆಡಿಟ್ ಫರ್ಮಲ್ಲಿ ಬೇರೆಯವರ ವೋಚರ್ ಎಣಿಸಿದ್ದೀನಿ, ಸಿಎ ಮುಗಿಸಲಿಲ್ಲ ಅನ್ನೋದು ಬೇರೆ ಮಾತು. ಮೇಷ್ಟ್ರು ಹೇಳಿದ್ದು ನನಗೆ ಆ ಭಾಷೆಯಲ್ಲೇ ಅರ್ಥ ಆಯ್ತು. ಲೆಡ್ಜರಲ್ಲಿ ಐದು ಸಾವಿರ ಅಂತ ಬರೆದಿದೆ, ವೋಚರ್ ಇಲ್ಲ. ಯಾರು ಕೊಟ್ಟರು, ಯಾವಾಗ ಕೊಟ್ಟರು, ಯಾಕೆ ಕೊಟ್ಟರು, ಯಾವುದೂ ಗೊತ್ತಿಲ್ಲ. ದುಡ್ಡು ದುಡ್ಡೇ, ಆದರೆ ಅದರಿಂದ ಯಾವ ಲೆಕ್ಕವೂ ಹುಟ್ಟಲ್ಲ. ಪಳೆಯುಳಿಕೆಯೂ ಹಾಗೇ. ಕಾರೈಯಲ್ಲಿ ಒಂದರ ಮೇಲೊಂದು ಕೂತಿರೋ ಪದರಗಳು ಲಕ್ಷಾಂತರ ವರ್ಷಗಳ ದಿನಚರಿ. ಈ ಪದರದಲ್ಲಿ ಇಂಥ ಜಾತಿಯ ಅಮ್ಮೊನೈಟ್ ಇದೆ, ಅದರ ಮೇಲಿನದರಲ್ಲಿ ಇಲ್ಲ, ಹಾಗಾದ್ರೆ ಮಧ್ಯೆ ಸಮುದ್ರಕ್ಕೆ ಏನೋ ಆಯ್ತು, ಅಂತ ಓದಬೇಕು. ಕಲ್ಲನ್ನ ಪದರದಿಂದ ಬಿಡಿಸಿ ಜೇಬಿಗೆ ಹಾಕಿದ ನಿಮಿಷಕ್ಕೆ ವೋಚರ್ ಹರಿದುಹಾಕಿದ ಹಾಗೆ.

ಇಲ್ಲಿ ನಾನು ಒಂದು ವಾದ ಮಾಡಿದೆ. ನೀವೂ ಮನಸ್ಸಲ್ಲಿ ಅದನ್ನೇ ಮಾಡ್ತಿರ್ತೀರಿ. "ಸರ್, ನಾನು ಗೋಡೆಯಿಂದ ಕಿತ್ತಿಲ್ಲ. ಕೆಳಗೆ ಬಿದ್ದಿತ್ತು. ಹೇಗೂ ಮುಂದಿನ ಮಳೆಗೆ ಕೊಚ್ಚಿಕೊಂಡು ಹೋಗ್ತಿತ್ತು." ಮೇಷ್ಟ್ರು ಅದನ್ನ ಒಪ್ಪಿದ್ರು. ಮಳೆ ಒಯ್ಯುತ್ತೆ ಅನ್ನೋದು ನಿಜ, ಉದುರಿ ಬಿದ್ದದ್ದರ ಪದರ ಖಚಿತವಾಗಿ ಹೇಳೋದು ಕಷ್ಟ ಅನ್ನೋದೂ ನಿಜ ಅಂದ್ರು. "ಆದ್ರೆ ಮಳೆ ಚೆನ್ನಾಗಿರೋದನ್ನೇ ಆರಿಸಿ ಒಯ್ಯಲ್ಲ. ನೀವು ಆರಿಸ್ತೀರಿ. ನಿಮ್ಮ ಹಿಂದೆ ಬರೋರೂ ಆರಿಸ್ತಾರೆ. ಆಮೇಲೆ ವಿದ್ಯಾರ್ಥಿಗಳು ಹೋಗಿ ಎಣಿಸ್ತಾರೆ. ಒಂದು ಕೊರಕಲಲ್ಲಿ ಎಷ್ಟು ಬೆಲೆಮ್ನೈಟ್, ಎಷ್ಟು ಅಮ್ಮೊನೈಟ್ ಅಂತ. ಅಮ್ಮೊನೈಟ್ ಕಡಿಮೆ ಅಂತ ಬರುತ್ತೆ. ಕಡಿಮೆ ಇದ್ದದ್ದು ಸಮುದ್ರದಲ್ಲಾ, ನಿಮ್ಮ ಷೋಕೇಸಿಂದಲಾ?"

ಸ್ಟಾಕ್ ಎಣಿಕೆಗೆ ಮುಂಚೆ ಅಂಗಡಿಯಿಂದ ಜಾಸ್ತಿ ಮಾರಾಟ ಆಗೋ ಮಾಲನ್ನೇ ಯಾರೋ ಎತ್ತಿಕೊಂಡು ಹೋದ ಹಾಗೆ. ಉಳಿದ ಮಾಲು ಎಣಿಸಿ ಬರೆದ ಲೆಕ್ಕ ನೋಡೋಕೆ ಸರಿಯಾಗೇ ಇರುತ್ತೆ, ಆದ್ರೆ ಸುಳ್ಳು.

ಅವತ್ತು ಮೇಷ್ಟ್ರು ಇನ್ನೊಂದು ವಿಷಯ ಹೇಳಿದ್ರು. ಈ ಕಡೆಯ ಪಳೆಯುಳಿಕೆಗಳ ಅಧ್ಯಯನ ಈಗಿನದಲ್ಲ. 1840ರ ದಶಕದಲ್ಲೇ ಬ್ರಿಟಿಷ್ ಅಧಿಕಾರಿಗಳು ಇಲ್ಲಿಂದ ಚಿಪ್ಪುಗಳನ್ನ ಲಂಡನ್ನಿಗೆ ಕಳಿಸಿದ್ರು, 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅವುಗಳ ಬಗ್ಗೆ ಬರೆದ. ಆಮೇಲೆ ಜಿಎಸ್‌ಐನ ಎಚ್. ಎಫ್. ಬ್ಲ್ಯಾನ್‌ಫರ್ಡ್ ಇಡೀ ಪ್ರದೇಶದ ನಕ್ಷೆ ಮಾಡಿದ. ಫರ್ಡಿನಾಂಡ್ ಸ್ಟೋಲಿಚ್ಕಾ ಅನ್ನೋ ಮೊರಾವಿಯಾದ ಯುವಕ ಬಂದು ಒಂದೊಂದು ಚಿಪ್ಪಿಗೂ ವಿವರ ಬರೆದು ಸಂಪುಟಗಳನ್ನೇ ತಂದ. 1838ರಲ್ಲಿ ಹುಟ್ಟಿ 1874ರಲ್ಲಿ ಹಿಮಾಲಯ ದಾಟಿ ವಾಪಸ್ ಬರುವಾಗ ಸತ್ತ. ಸಮಾಧಿ ಲೇಹ್‌ನಲ್ಲಿದೆ. ನನಗಿಂತ ಕೆಲವೇ ವರ್ಷ ದೊಡ್ಡವನು ಅಂತ ಲೆಕ್ಕ ಹಾಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ ನಾನು.

ಇವರೂ ಕಲ್ಲು ಎತ್ತಿಕೊಂಡೇ ಹೋದ್ರಲ್ಲ, ವಸಾಹತು ಕಾಲದವರು ಕೊಳ್ಳೆ ಹೊಡೆದ್ರಲ್ಲ ಅಂತ ಕೇಳಬಹುದು. ಒಯ್ದರು, ಹೌದು. ಆದ್ರೆ ಪ್ರತಿಯೊಂದಕ್ಕೂ ಊರಿನ ಹೆಸರು ಬರೆದಿಟ್ಟರು. ಕಾರೈಯಿಂದ ಸ್ವಲ್ಪ ದೂರದಲ್ಲಿ ಊಟ್ಟತ್ತೂರು ಅಂತ ಹಳ್ಳಿ ಇದೆ. ಆ ಊರಿನ ಹೆಸರಲ್ಲಿ ಇವತ್ತು ಅಮ್ಮೊನೈಟಿನ ಒಂದು ಕುಲವೇ ಇದೆ, ಉಟಟೂರಿಸೆರಾಸ್. ಪ್ರಪಂಚದ ಎಲ್ಲಿ ಅದು ಸಿಕ್ಕಿದ್ರೂ ತಿರುಚ್ಚಿ ಪಕ್ಕದ ಹಳ್ಳಿಯ ಹೆಸರು ಹೇಳಲೇಬೇಕು. ಸ್ಟೀಲ್ ಡಬ್ಬಿಯಿಂದ ಅಂಥ ಹೆಸರು ಹುಟ್ಟಲ್ಲ.

ಕಾನೂನು ಏನು ಹೇಳುತ್ತೆ ಅಂತಾನೂ ನೋಡಿದೆ. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಲ್ಲಿ ಭೂಪರಂಪರೆ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆ ಪ್ರಕಟಿಸಿತ್ತು. ಕರಡಿನ ಬಗ್ಗೆ ತಜ್ಞರಲ್ಲೇ ಜಗಳ ಇದೆ, ಸಂಶೋಧನೆಗೂ ಅನುಮತಿ ಕೇಳ್ತಾ ಕೂರಬೇಕಾಗುತ್ತೆ ಅಂತ ಕೆಲವರ ಆತಂಕ. ನಾನು ಅದರೊಳಗೆ ಹೋಗಲ್ಲ. ಪೊಲೀಸ್ ಹಿಡೀತಾರಾ ಇಲ್ವಾ ಅನ್ನೋದು ನನಗೆ ಈಗ ಮುಖ್ಯ ಪ್ರಶ್ನೆಯಾಗಿ ಕಾಣ್ತಿಲ್ಲ.

ಇನ್ನು, ಆ ಸುತ್ತಮುತ್ತ ಸುಣ್ಣದಕಲ್ಲಿನ ಗಣಿಗಳಿವೆ, ಅರಿಯಲೂರು ಅಂದ್ರೇನೇ ಸಿಮೆಂಟ್. ಆ ಸುಣ್ಣದಕಲ್ಲೂ ಹಳೇ ಸಮುದ್ರದ ಚಿಪ್ಪುಗಳಿಂದಲೇ ಆದದ್ದು. ಲಾರಿಗಟ್ಟಲೆ ಪಳೆಯುಳಿಕೆ ಗೂಡಿಗೆ ಹೋಗ್ತಿರುವಾಗ ನನ್ನ ಮೂರು ಕಲ್ಲಿಂದ ಏನು ಮಹಾ ಅಂತ ಒಬ್ಬರು ಮೆಸೇಜ್ ಮಾಡಿದ್ರು. ಒಳ್ಳೇ ಪ್ರಶ್ನೆ. ನನ್ನ ಮನೆಯೂ ಸಿಮೆಂಟಿಂದೇ ಕಟ್ಟಿದ್ದು, ಅದಕ್ಕೆ ಆ ಬಗ್ಗೆ ಭಾಷಣ ಮಾಡೋ ಧೈರ್ಯ ನನಗಿಲ್ಲ. ಆದ್ರೆ ಕಾರೈಯ ಕೊರಕಲುಗಳು ಗಣಿ ಅಲ್ಲ, ಓದೋಕೆ ಅಂತ ಉಳಿದಿರೋ ಪುಟಗಳು. ಉಳಿದದ್ದು ಕಡಿಮೆ ಅನ್ನೋದು ಅದನ್ನ ಬಿಟ್ಟುಬಿಡೋಕೆ ಕಾರಣ ಆಗಲ್ಲ.

ಮೇಷ್ಟ್ರ ಮನೆಯಿಂದ ಎದ್ದು ಹೊರಡುವಾಗ ನಾನೇ ಹೇಳಿದೆ: "ಸರ್, ಮತ್ತೆ ಹೋಗಿ ವಾಪಸ್ ಇಟ್ಟು ಬರ್ತೀನಿ." ಪ್ರಾಯಶ್ಚಿತ್ತದ ಮೂಡಲ್ಲಿದ್ದೆ. ಎಪಿಸೋಡಿಗೂ ಒಳ್ಳೇ ಕೊನೆ ಸಿಗ್ತಿತ್ತು. ಮೇಷ್ಟ್ರು ತಲೆ ಅಲ್ಲಾಡಿಸಿದ್ರು. "ಎಲ್ಲಿ ಇಡ್ತೀಯಮ್ಮ? ಯಾವ ಪದರದಿಂದ ಬಂತು ಅಂತ ಗೊತ್ತಿಲ್ಲದೆ ಎಲ್ಲೋ ಒಂದು ಕಡೆ ಇಟ್ಟು ಬಂದ್ರೆ ನಾಳೆ ಇನ್ಯಾರೋ ಅದನ್ನ ಅಲ್ಲಿನದ್ದೇ ಅಂತ ಬರ್ಕೋತಾರೆ. ಈಗ ಇರೋದು ಒಂದು ತಪ್ಪು, ಆಗ ಎರಡಾಗುತ್ತೆ."

ಅಕೌಂಟ್ಸಲ್ಲಿ ತಪ್ಪನ್ನ ಸರಿಮಾಡೋಕೆ ರೆಕ್ಟಿಫಿಕೇಶನ್ ಎಂಟ್ರಿ ಅಂತ ಹಾಕ್ತೀವಿ. ಆದ್ರೆ ಅದನ್ನ ಹಾಕೋಕೂ ಮೂಲ ಎಂಟ್ರಿ ಯಾವ ಖಾತೆಯಲ್ಲಿತ್ತು ಅಂತ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ಮೂರೂ ಕಲ್ಲು ಈಗ ಮೇಷ್ಟ್ರ ಹತ್ರ ಇವೆ. "ಕಾರೈ, ಪದರ ಗೊತ್ತಿಲ್ಲ" ಅಂತ ಚೀಟಿ ಅಂಟಿಸಿ, ಮನೆಗೆ ಬರೋ ಶಾಲೆ ಮಕ್ಕಳ ಕೈಗೆ ಮುಟ್ಟಿ ನೋಡೋಕೆ ಕೊಡ್ತಾರಂತೆ. ಎಪಿಸೋಡ್ ತೆಗೆದೆ, ಮ್ಯಾಪ್ ಲಿಂಕ್ ತೆಗೆದೆ. ಅಷ್ಟರಲ್ಲಿ ಅದನ್ನ ಎಷ್ಟು ಜನ ಕೇಳಿದ್ರು ಅನ್ನೋ ಸಂಖ್ಯೆ ನನ್ನ ಡ್ಯಾಶ್‌ಬೋರ್ಡಲ್ಲಿದೆ. ಅದುವರೆಗೆ ಆ ಸಂಖ್ಯೆ ನೋಡಿ ಹೆಮ್ಮೆ ಪಡ್ತಿದ್ದೆ.

ಸರಿ, ಈಗ ಪ್ಲಾನ್‌ಗೆ ಬರೋಣ. ಜನವರಿ ಕೊನೆ ವಾರ ಮತ್ತೆ ಹೋಗ್ತಿದ್ದೀನಿ. ಈ ಸಲ ನಾನು, ಅಮ್ಮ, ಅಕ್ಕ, ಅಕ್ಕನ ಮಗಳು. ಅವಳಿಗೆ ಒಂಬತ್ತು ವರ್ಷ.

ಸಮಯ ಯಾಕೆ ಜನವರಿ ಅಂದ್ರೆ, ಅಕ್ಟೋಬರಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರು ಮಳೆ. ಒದ್ದೆಯಾದ ಆ ಜೇಡಿ ಚಪ್ಪಲಿಗೆ ಇಟ್ಟಿಗೆಯಷ್ಟು ದಪ್ಪ ಅಂಟುತ್ತೆ, ಜಾರುತ್ತೆ ಕೂಡ. ನಾವು ಜಾರಿ ಬೀಳೋದಷ್ಟೇ ಅಲ್ಲ, ಒದ್ದೆ ದಿಬ್ಬದ ಮೇಲೆ ಇಟ್ಟ ಒಂದೊಂದು ಹೆಜ್ಜೆಯೂ ಪದರವನ್ನ ಕಲಸಿಬಿಡುತ್ತೆ. ಮಾರ್ಚ್ ಆದ ಮೇಲೆ ಬಿಸಿಲು ತಡೆಯೋಕಾಗಲ್ಲ, ನೆರಳು ಅನ್ನೋದೇ ಇಲ್ಲ. ಜನವರಿ, ಫೆಬ್ರವರಿ ಸರಿಯಾದ ಕಾಲ. ಮಳೆ ಹೊಸದಾಗಿ ತೊಳೆದಿರುತ್ತೆ, ನೆಲ ಒಣಗಿರುತ್ತೆ.

ದಾರಿ: ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ. ಅಲ್ಲಿಂದ ಆತ್ತೂರು, ಆತ್ತೂರಿಂದ ಪೆರಂಬಲೂರು. ಮುನ್ನೂರು ಕಿಲೋಮೀಟರ್ ಚಿಲ್ಲರೆ, ಆರು ಗಂಟೆ ಇಟ್ಟುಕೊಳ್ಳಿ. ಸುತ್ತಾಟ ಎಲ್ಲ ಸೇರಿ 700 ಕಿಲೋಮೀಟರ್ ಅಂದ್ರೆ, ನನ್ನ ಕಾರು ಲೀಟರಿಗೆ 16 ಕೊಡುತ್ತೆ, 44 ಲೀಟರ್ ಪೆಟ್ರೋಲ್. ಟೋಲ್ ಬೇರೆ. ನಾಲ್ಕು ಜನ ಹಂಚಿಕೊಂಡ್ರೆ ಹಗುರ. ಹಂಚಿಕೊಳ್ಳೋಕೆ ಅಮ್ಮ ಒಪ್ಪಿಲ್ಲ, "ಮಗಳ ಕಾರಿಗೆ ಬಾಡಿಗೆ ಕೊಡ್ಬೇಕಾ" ಅಂತಿದ್ದಾರೆ.

ಕಾರಿಲ್ಲದವರಿಗೆ, ಪೆರಂಬಲೂರಿಗೆ ರೈಲಿಲ್ಲ. ಮೈಸೂರಿಂದ ಬೆಂಗಳೂರು ಮೇಲೆ ತಿರುಚ್ಚಿಗೆ ಹೋಗೋ ರಾತ್ರಿ ರೈಲಿದೆ. ತಿರುಚ್ಚಿಯಿಂದ ಪೆರಂಬಲೂರಿಗೆ ಬಸ್ಸು ಬೇಕಾದಷ್ಟು. ಅಲ್ಲಿಂದ ಆಟೋನೋ ಕಾರೋ ಮಾತಾಡಿಕೊಂಡು, ಕಾಯೋಕೂ ಸೇರಿಸಿ ರೇಟ್ ಕೇಳಿ. ವಾಪಸ್ ಬರೋಕೆ ಗಾಡಿ ಸಿಗುತ್ತೆ ಅಂತ ನಂಬ್ಕೊಂಡು ಹೋಗಬೇಡಿ.

ಎರಡು ದಿನ ಮೂರಾದದ್ದು ಹೀಗೆ. ಪೆರಂಬಲೂರಿಂದ ತಿರುಚ್ಚಿ ಕಡೆ ಹೆದ್ದಾರಿಯಲ್ಲೇ ಸಿರುವಾಚೂರು ಇದೆ, ಅಲ್ಲಿನ ಮಧುರಕಾಳಿಯಮ್ಮನ ಗುಡಿ ವಾಡಿಕೆಯಂತೆ ಬಾಗಿಲು ತೆಗೆಯೋದು ಸೋಮವಾರ ಮತ್ತು ಶುಕ್ರವಾರ. ಅಮ್ಮನಿಗೆ ಇದು ಗೊತ್ತಾಗಿದ್ದೇ ತಡ, ಶನಿವಾರ ಹೊರಡೋ ಪ್ಲಾನ್ ಶುಕ್ರವಾರಕ್ಕೆ ಬಂತು. ಅಕ್ಕ ರಜೆ ಹಾಕಿದ್ದಾಳೆ. ಹೋದ ಸಲ ನಾನು ಶನಿವಾರ ಹೋಗಿ ಬೀಗ ನೋಡಿ ಬಂದಿದ್ದೆ.

ಶುಕ್ರವಾರ ಗುಡಿ, ಪೆರಂಬಲೂರಲ್ಲಿ ಊಟ, ಲಾಡ್ಜಲ್ಲಿ ಸ್ವಲ್ಪ ನಿದ್ದೆ. ಮೂರೂವರೆ ಮೇಲೆ ಕಾರೈ. ಮಧ್ಯಾಹ್ನ ಹನ್ನೆರಡಕ್ಕೆ ಹೋದ್ರೆ ಬೆವರು ಬಿಟ್ಟು ಬೇರೇನೂ ಕಾಣಲ್ಲ. ಇಳಿಬಿಸಿಲು ಅಡ್ಡಡ್ಡ ಬಿದ್ದಾಗ ಸಣ್ಣ ಉಬ್ಬಿಗೂ ನೆರಳು ಬರುತ್ತೆ, ಆಗ ನೆಲದಲ್ಲಿರೋ ಸುರುಳಿಗಳು ತಾವಾಗೇ ಎದ್ದು ಕಾಣ್ತವೆ. ಆರು ಗಂಟೆಗೆ ವಾಪಸ್. ಎಲ್ಲ ಕೊರಕಲೂ ಒಂದೇ ಥರ ಇರ್ತವೆ, ಕತ್ತಲಾದ್ರೆ ಗಾಡಿ ಯಾವ ಕಡೆ ಅಂತ ಗೊತ್ತಾಗಲ್ಲ. ಹೋದ ಸಲ ನಮಗೆ ದಾರಿ ತೋರಿಸಿದ್ದು ಆ ಮೇಕೆ ಅಜ್ಜ.

ಬೂಟು ಬೇಕೇ ಬೇಕು, ಜಾಲಿ ಮುಳ್ಳು ಚಪ್ಪಲಿ ಅಟ್ಟೆ ತೂರಿ ಬರುತ್ತೆ. ಒಬ್ಬರಿಗೆ ಎರಡು ಲೀಟರ್ ನೀರು, ಟೋಪಿ. ಮಕ್ಕಳು ಓಡ್ತಾರೆ, ದಿಬ್ಬದ ಅಂಚು ಕುಸಿಯುತ್ತೆ, ಕೈ ಹಿಡ್ಕೊಂಡಿರಿ. ನಡೆಯುವಾಗ ದಿಬ್ಬದ ಬೆನ್ನ ಮೇಲೆ ಹತ್ತಬೇಡಿ, ನೀರು ಹರಿದು ಮಾಡಿರೋ ತಳದಲ್ಲೇ ನಡೀರಿ. ಕೊರಕಲಿಗೂ ಒಳ್ಳೇದು, ನಿಮ್ಮ ಮಂಡಿಗೂ ಒಳ್ಳೇದು.

ಯಾವ ತಿರುವಲ್ಲಿ ಇಳೀಬೇಕು ಅಂತ ಈ ಸಲ ಹೇಳಲ್ಲ. ಊರಲ್ಲಿ ಕೇಳಿ. ಕೇಳಿದ್ರೆ ತೋರಿಸ್ತಾರೆ, ಜೊತೆಗೆ ನೀವು ಬಂದಿದ್ದೀರಿ ಅಂತ ಊರಿಗೂ ಗೊತ್ತಿರುತ್ತೆ. ಅದೇ ಒಂದು ಗೇಟಿನ ಕೆಲಸ ಮಾಡುತ್ತೆ.

ಶನಿವಾರ ಬೆಳಗ್ಗೆ ಸಾತ್ತನೂರು. ಇದು ಪಕ್ಕಾ ಪಾರ್ಕು, ಬೇಲಿ ಇದೆ. ಒಳಗೆ 18 ಮೀಟರ್ ಉದ್ದದ ಒಂದು ಮರ ಮಲಗಿದೆ, ಪೂರ್ತಿ ಕಲ್ಲಾಗಿ. ಜಿಎಸ್‌ಐನ ಎಂ. ಎಸ್. ಕೃಷ್ಣನ್ 1940ರಲ್ಲಿ ಗುರುತಿಸಿದ್ದು. ಹತ್ತು ಕೋಟಿ ವರ್ಷದ ಆಸುಪಾಸಿನದು. ನೆಲದ ಮೇಲೆ ಬೆಳೆದ ಮರ ತೇಲಿ ಬಂದು ಸಮುದ್ರದ ಕೆಸರಲ್ಲಿ ಮುಳುಗಿದ್ದು. ತೊಗಟೆಯ ಗೀರುಗಳು ಈಗಲೂ ಕಾಣ್ತವೆ. ಹೋದ ಸಲ ಇದನ್ನ ಹತ್ತೇ ನಿಮಿಷ ನೋಡಿ ಕಾರೈಗೆ ಓಡಿದ್ದೆ, ಯಾಕಂದ್ರೆ ಇಲ್ಲಿ ಎತ್ತಿಕೊಂಡು ಹೋಗೋಕೆ ಏನೂ ಇರಲಿಲ್ಲ. ಹತ್ತಿರದಲ್ಲೇ ಗರುಡಮಂಗಲಂ ಇದೆ, ಅಲ್ಲಿನ ಚಿಪ್ಪು ತುಂಬಿದ ಸುಣ್ಣದಕಲ್ಲನ್ನ ಪಾಲಿಶ್ ಮಾಡಿ ಟ್ರಿಚಿನಾಪಲಿ ಮಾರ್ಬಲ್ ಅಂತ ಮಾರ್ತಿದ್ರು. ಆಮೇಲೆ ಅರಿಯಲೂರು ಹತ್ತಿರ ವಾರಣವಾಸಿಯ ಪಳೆಯುಳಿಕೆ ಮ್ಯೂಸಿಯಂ. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಮಕ್ಕಳಿಗೆ ಕಾರೈ ನೋಡೋಕೆ ಮುಂಚೆ ಇದನ್ನ ತೋರಿಸೋದೇ ವಾಸಿ, ಕಣ್ಣು ಪಳಗುತ್ತೆ. ನಮಗೆ ಗುಡಿಯ ಲೆಕ್ಕಾಚಾರದಲ್ಲಿ ಹಿಂದುಮುಂದಾಗಿದೆ. ಭಾನುವಾರ ಗಂಗೈಕೊಂಡ ಚೋಳಪುರಂ ನೋಡಿಕೊಂಡು ವಾಪಸ್. ಅದರ ಬಗ್ಗೆ ಹೇಳೋಕೆ ಹೋದ್ರೆ ಇನ್ನೊಂದು ಎಪಿಸೋಡ್ ಬೇಕು.

ಅಕ್ಕನ ಮಗಳ ಜೊತೆ ಒಂದು ಒಪ್ಪಂದ ಆಗಿದೆ. ಸುಲಭಕ್ಕೆ ಆಗಲಿಲ್ಲ. "ಚಿಕ್ಕಮ್ಮಾ, ನೀನು ಮಾತ್ರ ಮೂರು ತಂದ್ಯಲ್ಲ, ನಾನು ಒಂದು ತಂದ್ರೆ ಏನಾಗುತ್ತೆ?" ಅಂತ ಕೇಳಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಮೇಷ್ಟ್ರ ಮನೆಗೇ ಕರ್ಕೊಂಡು ಹೋದೆ. ಅವರು ಅವಳಿಗೆ ಬುದ್ಧಿ ಹೇಳಲಿಲ್ಲ, ಒಂದು ಕೆಲಸ ಕೊಟ್ರು. ಒಂದು ನೋಟ್‌ಬುಕ್, ಒಂದು ಹದಿನೈದು ಸೆಂಟಿಮೀಟರ್ ಸ್ಕೇಲ್. ಕಂಡ ಚಿಪ್ಪನ್ನ ಎತ್ತಬಾರದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀಬೇಕು. ತಳದಿಂದ ಎಷ್ಟು ಎತ್ತರ, ಮೇಲೆ ಕೆಳಗೆ ಮಣ್ಣು ಯಾವ ಬಣ್ಣ, ಬಿದ್ದಿತ್ತಾ ಅಂಟಿಕೊಂಡಿತ್ತಾ ಅಂತ ಬರೀಬೇಕು. ಇಪ್ಪತ್ತು ಬರೆದುಕೊಂಡು ಬಂದ್ರೆ ಕೂತು ಹೆಸರು ಹುಡುಕೋಣ ಅಂದಿದ್ದಾರೆ. ಅವಳು ಈಗಾಗಲೇ ಮನೆ ಮುಂದಿನ ಜಲ್ಲಿ ರಾಶಿ ಮೇಲೆ ಪ್ರಾಕ್ಟೀಸ್ ಮಾಡಿ ಮೂರು ಪುಟ ತುಂಬಿಸಿದ್ದಾಳೆ.

ಡಬ್ಬಿ ಫೋಟೋ ಕಳಿಸಿದವರಿಗೆ ನಾನು ಇದನ್ನೆಲ್ಲ ಬರೆದೆ. ತಪ್ಪು ನಿಮ್ಮದಲ್ಲ, ಹೋಗಿ ತಗೊಳ್ಳಿ ಅಂತ ಹೇಳಿದ್ದು ನಾನು ಅಂತ. ಎರಡು ವಾರ ಉತ್ತರ ಇರಲಿಲ್ಲ. ಆಮೇಲೆ ಒಂದು ಮೆಸೇಜ್ ಬಂತು. ಡಬ್ಬಿಯಲ್ಲಿ ಉಳಿದದ್ದನ್ನ ಮೇಷ್ಟ್ರಿಗೆ ತಲುಪಿಸ್ತಾರಂತೆ, ಬರ್ತ್‌ಡೇಗೆ ಬಂದ ಮಕ್ಕಳಿಂದ ವಾಪಸ್ ಕೇಳೋಕೆ ಮಾತ್ರ ಮುಜುಗರ ಅಂತೆ. ಕೇಳಬೇಡಿ ಅಂದೆ. ಜನವರಿ ಟ್ರಿಪ್ಪಿಗೆ ನಾವೂ ಬರಬಹುದಾ, ಮಗ ಬರೀತಾನೆ, ಅಕ್ಷರ ಚೆನ್ನಾಗಿದೆ ಅಂತ ಕೇಳಿದ್ದಾರೆ.

ಹಾಗಾಗಿ ಈಗ ಎರಡು ಕಾರು. ಶುಕ್ರವಾರ ಬೆಳಗ್ಗೆ ನಾಲ್ಕೂವರೆಗೆ ಸಿಲ್ಕ್ ಬೋರ್ಡ್ ದಾಟಿರಬೇಕು. ಸ್ಕೇಲ್ ಇನ್ನೊಂದು ಕೊಳ್ಳಬೇಕು.